ಎಸ್‌ಪಿ ರೋಡಿನಲ್ಲಿ ಡಯೋಡ್ ಕೊಟ್ಟ ಅಣ್ಣನಿಗೆ

ಅಣ್ಣ, ನಿಮ್ಮ ಹೆಸರು ಕೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಎಸ್‌ಪಿ ರೋಡಿನ ಆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ನೀವೂ ಗಿರಾಕಿ, ನಾನೂ ಗಿರಾಕಿ. ತಾರಸಿ ಗಿಡಗಳಿಗೆ ನೀರು ಬಿಡುವ ನನ್ನ ಸರ್ಕ್ಯೂಟಿನಲ್ಲಿ 12 ವೋಲ್ಟಿನ ಪುಟ್ಟ ಪಂಪ್ ಆಫ್ ಆದಾಗಲೆಲ್ಲ ಇಎಸ್‌ಪಿ8266 ಎಂಬ ವೈಫೈ ನಿಯಂತ್ರಣ ಬೋರ್ಡ್ ರೀಸೆಟ್ ಆಗುತ್ತಿತ್ತು. ಅಂಗಡಿಯವರಿಗೆ ಅದನ್ನೇ ಹೇಳುತ್ತಿದ್ದೆ. ಪಕ್ಕದಿಂದ ನೀವು ಕೇಳಿದಿರಿ: "ಮೋಟರಿಗೆ ಡಯೋಡ್ ಹಾಕಿದೀರಾ?"

ಆಮೇಲೆ ನಿಮ್ಮ ಬಿಲ್ಲಿನ ಹಿಂದೆ ಕೆಂಪು ಪೆನ್ನಿನಲ್ಲಿ ಚಿತ್ರ ಬರೆದಿರಿ. ಮೋಟರಿನ ಎರಡು ತುದಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ), ಬೆಳ್ಳಿ ಪಟ್ಟಿ ಇರುವ ಕಡೆ ಪ್ಲಸ್‌ಗೆ. ಮೋಟರಿನೊಳಗಿನ ತಂತಿ ಸುರುಳಿಯ ಕರೆಂಟನ್ನು ಥಟ್ಟನೆ ನಿಲ್ಲಿಸಿದರೆ ದೊಡ್ಡ ವೋಲ್ಟೇಜ್ ಚಿಮ್ಮುತ್ತದೆ. 3.3 ವೋಲ್ಟಿನಲ್ಲಿ ಓಡುವ ಚಿಪ್ ತತ್ತರಿಸುತ್ತದೆ, ಪಂಪನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಸುಟ್ಟರೂ ಸುಡಬಹುದು. ಡಯೋಡ್ ಇದ್ದರೆ ಆ ಕರೆಂಟ್ ಅಲ್ಲೇ ಸುತ್ತಿ ತಣ್ಣಗಾಗುತ್ತದೆ. ಪಾಠದಲ್ಲಿ ಇದೆಲ್ಲ ಇತ್ತು, ಆದರೆ ನೀವು ಬಾಣ ಎಳೆದು ತೋರಿಸಿದಾಗಲೇ ತಲೆಗೆ ಹೋಗಿದ್ದು.

ನಿಮ್ಮ ಪೊಟ್ಟಣದಿಂದಲೇ ಎರಡು ಡಯೋಡ್ ಕೊಟ್ಟು, ದುಡ್ಡು ಬೇಡ ಅಂದುಬಿಟ್ಟಿರಿ. ನಿಮಗೇನೂ ಆಗಬೇಕಿರಲಿಲ್ಲ, ಸುಮ್ನೆ ಹೋಗಬಹುದಿತ್ತು ಅಲ್ವಾ? ಈಗ ಬೋರ್ಡ್ ನಿಲ್ಲದೆ ಓಡುತ್ತಿದೆ. ಡಿಪ್ಲೊಮಾ ಓದುವ ಪಕ್ಕದ ಮನೆ ಹುಡುಗಿಗೂ ನಿಮ್ಮ ಚಿತ್ರ ತೋರಿಸಿ ಹೇಳಿಕೊಟ್ಟೆ. ತುಂಬಾ ಥ್ಯಾಂಕ್ಸ್ ಅಣ್ಣ.