ಮೊದಲು ಹಿರಿಯರ ಮನೆ, ಆಮೇಲೆ ಸಭಾಂಗಣ

ಮಾನ್ಯರೇ,

ಟೊರಾಂಟೊದ ಇಟಾಲಿಯನ್ ಸಮುದಾಯ ಲಾರೆನ್ಸ್ ಅವೆನ್ಯೂ ಬಳಿ ಮೊದಲು ತೆರೆದದ್ದು ಸಭಾಂಗಣವನ್ನಲ್ಲ, 1976ರಲ್ಲಿ ವಿಲ್ಲಾ ಕೊಲಂಬೊ ಎಂಬ ವೃದ್ಧಾಶ್ರಮವನ್ನು. ಸಾಂಸ್ಕೃತಿಕ ಕೇಂದ್ರವಾದ ಕೊಲಂಬಸ್ ಸೆಂಟರ್ ಅದರ ಪಕ್ಕದಲ್ಲೇ ಬಂದದ್ದು 1980ರಲ್ಲಿ. ಈ ಕ್ರಮವೇ ಸರಿ ಎನ್ನಬೇಕು. ಮರೆವಿನ ಕಾಯಿಲೆ ಬಂದ ಹಿರಿಯರಲ್ಲಿ, ತಡವಾಗಿ ಕಲಿತ ಇಂಗ್ಲಿಷ್ ಎಷ್ಟೋ ಸಲ ಮೊದಲು ಜಾರಿಹೋಗುತ್ತದೆ. ಇಟಲಿಯ ಕಲಾಬ್ರಿಯಾ, ಫ್ರಿಯುಲಿ ಪ್ರದೇಶಗಳ ಮನೆಮಾತು ಉಳಿಯುತ್ತದೆ. ಆ ಮಾತು ಬಾರದ ದಾದಿಗೆ ನೋವು ಎಲ್ಲಿದೆ ಎಂಬುದೂ ತಿಳಿಯದು. ಪುಸ್ತಕದ ಇಟಾಲಿಯನ್ ಇದಕ್ಕೆ ಸಾಲದು.

ಕೊಲಂಬಸ್ ಸೆಂಟರ್‌ನಲ್ಲಿ ಕಲಾ ಗ್ಯಾಲರಿ, ಈಜುಕೊಳ, ಭಾಷಾ ತರಗತಿಗಳಿದ್ದುದರಿಂದ ಬೇರೆ ಸಮುದಾಯದವರೂ ಅಲ್ಲಿಗೆ ಬಂದರು. 2017ರಲ್ಲಿ ಕಟ್ಟಡ ಕೆಡವಿ ಶಾಲೆಯೊಂದಿಗೆ ಸೇರಿಸಿ ಹೊಸದಾಗಿ ಕಟ್ಟುವ ಯೋಜನೆಯನ್ನು ಜನ ಬಲವಾಗಿ ವಿರೋಧಿಸಿದರು. ಕೊನೆಗೆ ಅದನ್ನು ಕೈಬಿಡಲಾಯಿತು.

ಹೊರದೇಶಗಳಲ್ಲಿ ಭವನ ಕಟ್ಟಲು ಹೊರಟಿರುವ ಕನ್ನಡ ಸಂಘಗಳು ಇದನ್ನು ಗಮನಿಸಲಿ. ದೇಣಿಗೆಯಿಂದ ಗೋಡೆ ಏಳುತ್ತದೆ, ಆದರೆ ಚಾವಣಿ, ಹೀಟರ್, ವಿಮೆಗೆ ವರ್ಷವರ್ಷವೂ ಹಣ ಬೇಕು. ಆ ನಿಧಿಯನ್ನು ಮೊದಲೇ ಬೇರೆ ಇಡಬೇಕು. ಜಾಗ ಮಾರಲು, ಕಟ್ಟಡ ಕೆಡವಲು ಸದಸ್ಯರ ಮೂರನೇ ಎರಡರಷ್ಟು ಮತ ಬೇಕೆಂದು ಬೈಲಾದಲ್ಲೇ ಬರೆದಿಡಬೇಕು. ಭವನಕ್ಕೆ ಹಳೆಯ ಫೋಟೊ ಬಂದ ದಿನವೇ ಅದರಲ್ಲಿರುವವರ ಹೆಸರು, ಊರು, ವರ್ಷವನ್ನು ಕೇಳಿ ಬರೆದುಕೊಳ್ಳಬೇಕು. ತಂದುಕೊಟ್ಟವರು ತೀರಿಕೊಂಡ ಮೇಲೆ ಕೇಳಲು ಯಾರೂ ಇರುವುದಿಲ್ಲ.

– ಕೆಲವು ಓದುಗರು, ಟೊರಾಂಟೊ