ಆರತಿ ಸಾಹಾ ಹೆಸರಿಡಿ, ಜೊತೆಗೆ ಹೆಣ್ಮಕ್ಳು ನೀರಿಗಿಳಿಯೋ ಹಾಗೂ ಮಾಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಪಾರ್ಕು, ಅದರ ಪಕ್ಕದ ಸ್ವಿಮ್ಮಿಂಗ್ ಪೂಲು ಎರಡನ್ನೂ ರಿಪೇರಿ ಮಾಡ್ಸಿ ಒಂದೇ ಹೆಸರಿಡ್ತೀವಿ, ಜನಾನೇ ಹೆಸರು ಹೇಳ್ಲಿ ಅಂತ ಮೊನ್ನೆ ಮೀಟಿಂಗಲ್ಲಿ ನೀವೇ ಅಂದ್ರಿ. ಬಂದ ಹೆಸರುಗಳಲ್ಲಿ ಮುಕ್ಕಾಲು ಪಾಲು ರಾಜಕಾರಣಿಗಳದ್ದು, ಅವರಲ್ಲಿ ಎಷ್ಟು ಜನಕ್ಕೆ ಈಜು ಬರ್ತಿತ್ತೋ ದೇವರಿಗೇ ಗೊತ್ತು. ನಾನು ಆರತಿ ಸಾಹಾ ಅಂದೆ. ಅದ್ಯಾರಮ್ಮ ಅಂತ ನಿಮ್ಮ ಪಕ್ಕದಲ್ಲಿದ್ದೋರು ನಕ್ರು, ಅದಕ್ಕೇ ಎಲ್ಲರಿಗೂ ಕಾಣೋ ಹಾಗೆ ಇಲ್ಲಿ ಬರೀತಿದೀನಿ.

ಆರತಿ ಸಾಹಾ 1940ರಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿದ ಈಜುಗಾರ್ತಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ 12 ಕೂಡ ತುಂಬಿರ್ಲಿಲ್ಲ, ಈಗಿನ ಲೆಕ್ಕದಲ್ಲಿ ಆರನೇ ಕ್ಲಾಸ್ ಹುಡುಗಿ. 1959ರ ಆಗಸ್ಟಲ್ಲಿ ಇಂಗ್ಲಿಷ್ ಚಾನೆಲ್, ಅಂದ್ರೆ ಫ್ರಾನ್ಸ್‌ಗೂ ಇಂಗ್ಲೆಂಡಿಗೂ ನಡುವಿನ ಸಮುದ್ರ, ಅದನ್ನ ಈಜಿ ದಾಟೋ ರೇಸ್‌ಗೆ ಹೋದ್ರೆ ಜೊತೆಗೆ ಬರ್ಬೇಕಿದ್ದ ಬೋಟೇ ಲೇಟು, ಒಳ್ಳೇ ಹೊತ್ತು ಕೈತಪ್ಪಿ ಹೋಯ್ತು, ಇಂಗ್ಲೆಂಡ್ ದಡ ಇನ್ನು ಕೆಲವೇ ಮೈಲಿ ಇದೆ ಅನ್ನೋವಾಗ ನೀರಿನ ಸೆಳೆತಕ್ಕೆ ಸಿಕ್ಕಿ ಕೈಬಿಡ್ಬೇಕಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಗಂಟುಮೂಟೆ ಕಟ್ಕೊಂಡು ವಾಪಸ್ ಬಂದಿರೋರು. ಇವ್ರು ಸುಮಾರು ಒಂದು ತಿಂಗಳಿಗೆ, ಸೆಪ್ಟೆಂಬರ್ 29ಕ್ಕೆ, ಮತ್ತೆ ಫ್ರಾನ್ಸ್ ಕಡೆಯಿಂದ ನೀರಿಗಿಳಿದು 16 ಗಂಟೆ 20 ನಿಮಿಷ ಈಜಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್‌ನಲ್ಲಿ ದಡ ಹತ್ತಿದ್ರು. ಚಾನೆಲ್ ಈಜಿದ ಏಷ್ಯಾದ ಮೊದಲ ಹೆಣ್ಮಗಳು, ಆಗ ವಯಸ್ಸು 19. ಮರುವರ್ಷ ಪದ್ಮಶ್ರೀ ಬಂತು, ನಮ್ಮ ದೇಶದ ಕ್ರೀಡಾಪಟುಗಳಲ್ಲಿ ಒಬ್ಬ ಹೆಂಗಸಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಬಂಗಾಳದೋರ ಹೆಸರು ನಮಗ್ಯಾಕೆ ಅಂತ ಒಬ್ರು ಕೇಳಿದ್ರು. ಸ್ವಾಮಿ, ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡೋಕೆ ಹೋಗುವಾಗ ಠಾಗೂರ್ ಯಾವ ತಾಲ್ಲೂಕು ಅಂತ ಕೇಳ್ಕೊಂಡು ಹೋಗ್ತೀವಾ? ನಮ್ಮೋರೇ ಬೇಕು ಅಂದ್ರೆ ಬೆಂಗಳೂರಿನ ನಿಶಾ ಮಿಲೆಟ್ ಇದಾರೆ, 100 ಮೀಟರ್ ಫ್ರೀಸ್ಟೈಲನ್ನ ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆ, 2000ದ ಸಿಡ್ನಿ ಒಲಿಂಪಿಕ್ಸಲ್ಲಿ ಈಜಿದೋರು. ಬದುಕಿರೋರ ಹೆಸರಿಡೋದು ಬೇಡ ಅಂದ್ರೆ ಉದ್ಘಾಟನೆಗಾದ್ರೂ ಕರೀರಿ, ಸ್ಟೇಜ್ ಮೇಲೆ ಈಜು ಬರೋರು ಒಬ್ರಾದ್ರೂ ಇರ್ಲಿ.

ಆದ್ರೆ ಸರ್, ಹೆಸರಿಗಿಂತ ದೊಡ್ಡ ವಿಷಯ ಬೇರೆ ಇದೆ. ಈಗಿರೋ ಪೂಲಲ್ಲಿ ಹೆಣ್ಮಕ್ಳೇ ಕಾಣಲ್ಲ. ಲೇಡೀಸ್ ಬ್ಯಾಚ್ ಇಟ್ಟಿರೋದು ಮಧ್ಯಾಹ್ನ ಮೂರಕ್ಕೆ, ಆಗ ಮಕ್ಳು ಸ್ಕೂಲಲ್ಲಿ, ಕೆಲಸಕ್ಕೆ ಹೋಗೋರು ಆಫೀಸಲ್ಲಿ, ಮನೇಲಿರೋರೂ ಆ ಬಿಸಿಲಲ್ಲಿ ಯಾಕೆ ಬರ್ತಾರೆ. ಆಮೇಲೆ ಲೇಡೀಸ್ ಯಾರೂ ಬರಲ್ಲ ಮೇಡಂ ಅಂತ ರಿಜಿಸ್ಟರ್ ತೆಗೆದು ತೋರಿಸ್ತಾರೆ! ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಒಳಗಡೆ ಚಿಲಕ ಇಲ್ಲ, ಚಿಲಕ ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ ಇದೆ, ಅದಕ್ಕೊಂದು ವೇಲ್ ತುಂಡು ಕಟ್ಟಿ ಒಬ್ರು ಬಟ್ಟೆ ಬದಲಾಯಿಸುವಾಗ ಇನ್ನೊಬ್ರು ಹೊರಗಿಂದ ಎಳ್ಕೊಂಡು ನಿಂತಿರ್ಬೇಕು. ವಾಕಿಂಗ್ ಟ್ರ್ಯಾಕ್ ಪೂಲಿನ ಬೇಲಿಗೆ ಅಂಟ್ಕೊಂಡೇ ಇದೆ, ವಾಕಿಂಗಿಗೆ ಬಂದ ಕೆಲವು ಯಜಮಾನ್ರಿಗೆ ಸುಸ್ತಾಗೋದೂ ಸರಿಯಾಗಿ ಅಲ್ಲೇ, ಮೊಬೈಲ್ ಹೊರಗೆ ಬರೋದೂ ಅಲ್ಲೇ. ಅಲ್ಲೊಂದು ಹಸಿರು ನೆಟ್ ಕಟ್ಸೋಕೆ ಟೆಂಡರ್ ಬೇಕಾ?

ಇನ್ನು ಬಟ್ಟೆ. ಕಾಟನ್ ಹಾಕ್ಕೊಂಡು ಇಳೀಬೇಡಿ ಅನ್ನೋದು ಸರೀನೇ, ಅದರ ನೂಲು ಹೋಗಿ ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತೆ, ಒಪ್ತೀನಿ. ಮೈ ತುಂಬಾ ಮುಚ್ಚೋ ನೈಲಾನ್ ಸೂಟ್ ಸಿಗುತ್ತಲ್ಲ, ಅದನ್ನ ಹಾಕ್ಕೋಬಹುದು ಅಂತ ಬೋರ್ಡಲ್ಲಿ ಒಂದು ಸಾಲು ಬರೆಸಿದ್ರೆ ಎಷ್ಟೋ ಅಮ್ಮಂದಿರು ಮಗಳನ್ನ ಕಳಿಸ್ತಾರೆ, ತಾವೂ ಬರ್ತಾರೆ. ಲೇಡಿ ಕೋಚ್ ಒಬ್ರು, ಲೇಡಿ ಲೈಫ್‌ಗಾರ್ಡ್ ಒಬ್ರು ಬೇಕೇ ಬೇಕು, ಇದ್ರಲ್ಲಿ ಚೌಕಾಸಿ ಇಲ್ಲ. ಬ್ಯಾಚ್ ಬೆಳಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು.

ಇದೆಲ್ಲ ಶೋಕಿಗೆ ಕೇಳ್ತಿಲ್ಲ ಸರ್. ಪ್ರತಿ ಬೇಸಿಗೆ ರಜೇಲೂ ಕೆರೆ, ಕೃಷಿ ಹೊಂಡ, ಕಾಲುವೇಲಿ ಮಕ್ಳು ಮುಳುಗಿದ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ, ಬಟ್ಟೆ ಒಗೆಯೋಕೆ ಹೋದ ತಾಯಿ ಮಗುನ ಎತ್ತೋಕೆ ಹೋಗಿ ತಾನೂ ಹೋದ್ಲು ಅಂತಾನೂ ಓದ್ತೀವಿ. ಗಂಡು ಹುಡುಗ್ರು ಹೇಗೋ ಬಾವೀಲೋ ಕೆರೇಲೋ ಬಿದ್ದು ಎದ್ದು ಕಲೀತಾರೆ, ಹುಡುಗೀರನ್ನ ಅಲ್ಲಿಗೆ ಯಾರು ಕಳಿಸ್ತಾರೆ ಹೇಳಿ. ಅವ್ರಿಗೆ ಇರೋದು ಈ ಪೂಲ್ ಒಂದೇ.

ಪಾರ್ಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮರ ಕಡೀಬೇಡಿ ಅಷ್ಟು ಸಾಕು. ಹಾಂ, ಬೋರ್ಡ್ ಬರೆಸುವಾಗ ಆರತಿ ಸಾಹಾ ಯಾರು ಅಂತ ಕನ್ನಡದಲ್ಲಿ ನಾಲ್ಕು ಸಾಲು ಇರ್ಲಿ, ನಿಮ್ಮ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿ ಇದ್ರೂ ನಾವು ಮರೆಯಲ್ಲ.

ಸೆಪ್ಟೆಂಬರ್ 24 ಅವರ ಹುಟ್ಟಿದ ದಿನ, 29 ಚಾನೆಲ್ ದಾಟಿದ ದಿನ. ಉದ್ಘಾಟನೆ ಯಾವತ್ತಾದ್ರೂ ಇಟ್ಕೊಳ್ಳಿ, ಚಿಲಕ ಮಾತ್ರ ಈ ವಾರಾನೇ ಹಾಕ್ಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು