ಮತ್ತೆ ತಂಡ ಸೇರಿದ ಹೊತ್ತಿನಲ್ಲಿ ಸಲ್ಲಬೇಕಾದ ಕೃತಜ್ಞತೆಗಳು

ನಮ್ಮ ಸಂಸ್ಥೆಯ ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡು ಮಂದಿಯ ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಕಾಣಿಸಿಕೊಂಡದ್ದಕ್ಕೆ ಹಲವರು ಸಂತೋಷ ಹಂಚಿಕೊಂಡಿದ್ದೀರಿ. ಎಲ್ಲರಿಗೂ ಇಲ್ಲಿಯೇ ಒಟ್ಟಾಗಿ ವಂದನೆ ಹೇಳುತ್ತಿದ್ದೇನೆ. ಹೆಚ್ಚಿನವರು ವಿಚಾರಿಸಿದ್ದು ಮಂಡಿಯ ಬಗ್ಗೆ. ಮಂಡಿಯ ಲಿಗಮೆಂಟ್ ಹರಿದದ್ದು, ಶಸ್ತ್ರಚಿಕಿತ್ಸೆಯಾದದ್ದು ನಿಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಇನ್ನು ಓಡಬಹುದು, ಜಿಗಿಯಬಹುದು ಎಂದು ಫಿಸಿಯೋ ಹೇಳಿದ ಮೇಲೂ ತಿಂಗಳುಗಟ್ಟಲೆ ನಾನು ಅಂಕಣದತ್ತ ಸುಳಿಯಲಿಲ್ಲ. ಅದಕ್ಕೆ ಕಾರಣ ಮಂಡಿಯಲ್ಲ, ಖಿನ್ನತೆ. ಈ ಮಾತನ್ನು ಮರೆಮಾಚಿ ವಂದನೆ ಸಲ್ಲಿಸಹೊರಟರೆ ನನ್ನನ್ನು ಎತ್ತಿ ನಿಲ್ಲಿಸಿದವರನ್ನೇ ಕೈಬಿಟ್ಟಂತಾಗುತ್ತದೆ.

ಮೊದಲ ಕೃತಜ್ಞತೆ, ನನ್ನ ಹೆಸರನ್ನೂ ಕೇಳಿರದ ಒಬ್ಬ ಆಟಗಾರನಿಗೆ. ಎಲ್ಲರೂ ಮೂರು ಅಂಕದ ಗೆರೆಯಾಚೆಯಿಂದಲೇ ಎಸೆಯುವ ಈ ಕಾಲದಲ್ಲಿ, ಗೆರೆಯ ಒಳಗೆ ನಿಂತು, ಎಸೆಯುವಂತೆ ನಟಿಸುವ ಒಂದು ಫೇಕ್‌ನಿಂದ ಎದುರಾಳಿಯನ್ನು ಮೇಲಕ್ಕೆಬ್ಬಿಸಿ, ಅವನು ಕೆಳಗಿಳಿಯುವ ಹೊತ್ತಿಗೆ ಚೆಂಡನ್ನು ರಿಂಗಿಗೆ ಹಾಕುವ ಡೆಮಾರ್ ಡೆರೋಜನ್ ಅವರ ಹಟ ನನಗೆ ಮೊದಲಿನಿಂದಲೂ ಇಷ್ಟ. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಅವರ ಊರು. ಗ್ಯಾಂಗುಗಳ ಹೊಡೆದಾಟ, ಸಾವುಗಳ ನಡುವೆ ಬೆಳೆದವರು. ಅಮೆರಿಕ-ಕೆನಡಾಗಳ ವೃತ್ತಿಪರ ಲೀಗ್ ಎನ್‌ಬಿಎಯ 2009ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಕೆನಡಾದ ಟೊರೊಂಟೊ ರ‍್ಯಾಪ್ಟರ್ಸ್ ತಂಡ ಅವರನ್ನು ಒಂಬತ್ತನೆಯವರಾಗಿ ಆರಿಸಿಕೊಂಡಿತು. ಮರುವರ್ಷ ತಂಡದ ದೊಡ್ಡ ತಾರೆ ಕ್ರಿಸ್ ಬಾಷ್ ಮಯಾಮಿಗೆ ಹೊರಟುಹೋದಾಗ, ಚಿಂತೆ ಬೇಡ, ನಾನಿದ್ದೇನೆ ಎಂಬರ್ಥದಲ್ಲಿ ಅಭಿಮಾನಿಗಳಿಗೆ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಒಟ್ಟು ಒಂಬತ್ತು ಋತು ಅಲ್ಲಿಯೇ ಆಡಿದರು. 2018ರ ಜನವರಿ 1ರಂದು ಮಿಲ್ವಾಕೀ ತಂಡದ ವಿರುದ್ಧ ಅವರು ಗಳಿಸಿದ 52 ಅಂಕ, ಅಲ್ಲಿಯವರೆಗೆ ರ‍್ಯಾಪ್ಟರ್ಸ್ ಆಟಗಾರನೊಬ್ಬ ಒಂದೇ ಪಂದ್ಯದಲ್ಲಿ ಗಳಿಸಿದ ಅತಿ ಹೆಚ್ಚಿನ ಅಂಕವಾಗಿತ್ತು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಫೆಬ್ರವರಿ 17ರಂದು, ಲೀಗಿನ ತಾರೆಯರೆಲ್ಲ ಸೇರಿ ಆಡುವ ಆಲ್ ಸ್ಟಾರ್ ಪಂದ್ಯಕ್ಕೆಂದು ಲಾಸ್ ಏಂಜಲೀಸ್‌ಗೆ ಹೋಗಿದ್ದಾಗ, ಬೆಳಗಾಗುವ ಮುನ್ನವೇ, ಖಿನ್ನತೆ ತನ್ನನ್ನು ಮಣಿಸುತ್ತಿದೆ ಎಂಬ ಒಂದು ಸಾಲನ್ನು ಟ್ವಿಟರ್‌ನಲ್ಲಿ ಬರೆದರು.

ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಟ ಕೈಕೊಟ್ಟವನಿಗೆ ಮನಸ್ಸೂ ಕೆಡುತ್ತದೆ, ಚೆನ್ನಾಗಿ ಆಡತೊಡಗಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬುದು ನಮ್ಮ ಕ್ರೀಡಾವಲಯದಲ್ಲಿ ಬೇರೂರಿದ ನಂಬಿಕೆ. 52 ಅಂಕ ಗಳಿಸಿದವನಿಗೆ, ತವರಿನಲ್ಲೇ ಆಲ್ ಸ್ಟಾರ್ ಪಂದ್ಯದ ಮೊದಲ ಐವರಲ್ಲಿ ಆಡಬೇಕಿದ್ದವನಿಗೆ ನಿದ್ದೆ ಬರಲಿಲ್ಲ ಎಂದ ಮೇಲೆ ಆ ನಂಬಿಕೆ ನಿಲ್ಲುವುದಾದರೂ ಹೇಗೆ? ಅದೇ ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಕೆವಿನ್ ಲವ್ ತಮ್ಮ ಕಥೆಯನ್ನು ಬರೆದು ಪ್ರಕಟಿಸಿದರು. 2017ರ ನವೆಂಬರ್ 5ರಂದು ಅಟ್ಲಾಂಟ ವಿರುದ್ಧದ ಪಂದ್ಯದ ಮಧ್ಯೆ, ಟೈಮ್ ಔಟ್ ಹೊತ್ತಿನಲ್ಲಿ ಅವರ ಎದೆಬಡಿತ ಏರಿ, ಉಸಿರು ಸಿಕ್ಕದೆ, ಅಂಕಣ ಬಿಟ್ಟು ಒಳಗೋಡಿ, ಕೊನೆಗೆ ಕೋಣೆಯೊಂದರ ನೆಲದ ಮೇಲೆ ಅಂಗಾತ ಬಿದ್ದಿದ್ದರಂತೆ. ಆಸ್ಪತ್ರೆಯ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ಅದು ಪ್ಯಾನಿಕ್ ಅಟ್ಯಾಕ್ ಆಗಿತ್ತು. ತಮಗೆ ಬರೆಯುವ ಧೈರ್ಯ ತಂದ ಮಾತುಗಳಲ್ಲಿ ಡೆರೋಜನ್ ಅವರದೂ ಒಂದೆಂದು ಅವರು ನೆನೆದಿದ್ದಾರೆ. 2010ರಲ್ಲಿ ಲೇಕರ್ಸ್ ತಂಡ ಚಾಂಪಿಯನ್ ಆದ ಕ್ಷಣದಲ್ಲೇ ಅದರ ಆಟಗಾರ ರಾನ್ ಆರ್ಟೆಸ್ಟ್ ಟಿ.ವಿ. ಮೈಕಿನ ಮುಂದೆ ತಮ್ಮ ಮನಃಶಾಸ್ತ್ರಜ್ಞೆಗೆ ವಂದನೆ ಹೇಳಿದ್ದನ್ನು ಹಲವರು ತಮಾಷೆಯೆಂದುಕೊಂಡು ನಕ್ಕಿದ್ದರು. ಆದರೆ 2019-20ರ ಋತುವಿನ ಹೊತ್ತಿಗೆ ಪ್ರತಿ ತಂಡವೂ ಮಾನಸಿಕ ಆರೋಗ್ಯ ತಜ್ಞರನ್ನು ಹೊಂದಿರಲೇಬೇಕೆಂದು ಎನ್‌ಬಿಎ ನಿಯಮ ಮಾಡಿತು.

ಹೇಳಿಕೊಂಡ ಮಾತ್ರಕ್ಕೆ ಡೆರೋಜನ್ ಅವರ ಕಷ್ಟ ಮುಗಿಯಲಿಲ್ಲ. 2018ರ ಜುಲೈನಲ್ಲಿ ರ‍್ಯಾಪ್ಟರ್ಸ್ ತಂಡ ಅವರನ್ನು ಸ್ಯಾನ್ ಆಂಟೋನಿಯೊ ತಂಡಕ್ಕೆ ಕೊಟ್ಟು ಕವಾಯ್ ಲೆನಾರ್ಡ್ ಅವರನ್ನು ಪಡೆಯಿತು. ಮರುವರ್ಷವೇ, 2019ರಲ್ಲಿ, ಟೊರೊಂಟೊ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಅದಕ್ಕಾಗಿ ಅಷ್ಟು ವರ್ಷ ದುಡಿದವರು ಮಾತ್ರ ಆ ಸಂಭ್ರಮದಲ್ಲಿ ಇರಲಿಲ್ಲ. 2021ರಲ್ಲಿ ಡೆರೋಜನ್ ಅವರ ತಂದೆ ತೀರಿಕೊಂಡರು. ಆಮೇಲೆ ಶಿಕಾಗೊ ತಂಡ ಸೇರಿ, 2021ರ ಡಿಸೆಂಬರ್ 31ರಂದೂ ಮರುದಿನ ಹೊಸ ವರ್ಷದಂದೂ ಕೊನೆಯ ಗಂಟೆಯ ಜೊತೆಗೇ ಮೂರು ಅಂಕದ ಎಸೆತ ಹಾಕಿ ಎರಡು ಪಂದ್ಯ ಗೆಲ್ಲಿಸಿದರು. ಎರಡು ದಿನ ಬೆನ್ನುಬೆನ್ನಿಗೆ ಹಾಗೆ ಗೆಲ್ಲಿಸಿದವರು ಎನ್‌ಬಿಎಯಲ್ಲಿ ಅವರಿಗಿಂತ ಮೊದಲು ಯಾರೂ ಇರಲಿಲ್ಲ. (ಮೂರು ಅಂಕದ ಎಸೆತವನ್ನು ಅಷ್ಟಾಗಿ ನೆಚ್ಚದವರಿಗೆ ಅದೇ ಒದಗಿಬಂದದ್ದು ನೋಡಿ!) ಆ ಎರಡು ಎಸೆತಗಳ ವಿಡಿಯೋ ಎಲ್ಲರ ಮೊಬೈಲುಗಳಲ್ಲೂ ಓಡಾಡಿತು. ನನಗೆ ಆಸರೆಯಾದದ್ದು ಅದಲ್ಲ. ಟೊರೊಂಟೊ ಬಿಟ್ಟ ಮೇಲೆ, ಯಾರೂ ಅಷ್ಟಾಗಿ ಮಾತಾಡದ ಸ್ಯಾನ್ ಆಂಟೋನಿಯೊದ ಮೂರು ಋತುಗಳಲ್ಲಿ ಅವರು ರಾತ್ರಿಯ ಮೇಲೆ ರಾತ್ರಿ ತಮ್ಮ ಪಾಲಿನ ಆಟ ಆಡುತ್ತ ಹೋದದ್ದು.

ಅವರಿಗೂ ನನಗೂ ಹೋಲಿಕೆಯಿಲ್ಲ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವುದೆಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಇಲಾಖೆಯಲ್ಲೋ ನೌಕರಿ ಹಿಡಿದು ಆ ಸಂಸ್ಥೆಯ ಜರ್ಸಿ ತೊಡುವುದು. ಬೆಂಗಳೂರಿನಲ್ಲಿ ಎಷ್ಟೋ ಆಟಗಾರರ ಮನೆಯ ಒಲೆ ಉರಿದದ್ದು ವಿಜಯಾ ಬ್ಯಾಂಕಿನಂಥ ಸಂಸ್ಥೆಗಳ ಸಂಬಳದಿಂದ. ಆಟ ನಿಂತರೆ ನೌಕರಿ ಹೋಗುವುದಿಲ್ಲ ನಿಜ, ಆದರೆ ಕಚೇರಿಯಲ್ಲಿ ತನ್ನ ಸ್ಥಾನ ಏನೆಂಬ ಪ್ರಶ್ನೆ ಆ ದಿನದಿಂದಲೇ ಶುರುವಾಗುತ್ತದೆ. ಮಂಡಿನೋವೆಂದು ರಜೆ ಬರೆದರೆ ಯಾರೂ ಮರುಮಾತಾಡುವುದಿಲ್ಲ. ಮನಸ್ಸು ಸರಿಯಿಲ್ಲವೆಂದು ಬರೆದರೆ ಆಯ್ಕೆ ಸಮಿತಿಯವರ ಕಿವಿಗೆ ಅದು ಹೇಗೆ ಮುಟ್ಟೀತು ಎಂಬ ಭಯ ಸುಳ್ಳೇನಲ್ಲ. ಆದ್ದರಿಂದಲೇ, ಇನ್ನೂ ಆಡುತ್ತಿರುವಾಗಲೇ, ಕಳೆದುಕೊಳ್ಳುವುದು ಬಹಳವಿದ್ದಾಗಲೇ ಬಾಯಿಬಿಟ್ಟವರನ್ನು ನಾನು ದೊಡ್ಡವರೆಂದು ಎಣಿಸುತ್ತೇನೆ. ನಿವೃತ್ತಿಯ ನಂತರ ಹೇಳುವುದು ಅದಕ್ಕಿಂತ ಸುಲಭ.

ಮಂಡ್ಯದಿಂದ ಬಂದು ನನ್ನ ಮನೆಯಲ್ಲೇ ಉಳಿದ ಅಕ್ಕನಿಗೆ ಏನು ಹೇಳಿದರೂ ಕಡಿಮೆ. ನಾನು ಊಟಕ್ಕೆ ಏಳದ ದಿನಗಳಲ್ಲಿ ಅವಳು ಯಾಕೆ, ಏನು ಎಂದು ಕೆದಕಲಿಲ್ಲ. ಒಂದು ಸಂಜೆ ತಾನೇ 14416ಕ್ಕೆ ಕರೆ ಮಾಡಿ ಫೋನನ್ನು ನನ್ನ ಕೈಗಿಟ್ಟು, “ನೀನು ಮಾತಾಡದಿದ್ರೂ ಪರವಾಗಿಲ್ಲ, ಅವ್ರು ಹೇಳೋದು ಕೇಳಿಸ್ಕೋ ಸಾಕು” ಎಂದಳು. ಅದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಅದರ ಹಿಂದೆ ನಮ್ಮ ನಿಮ್ಹಾನ್ಸ್‌ನ ದುಡಿಮೆ ದೊಡ್ಡದು. ಹಗಲು ರಾತ್ರಿ ತೆರೆದಿರುವ, ಹಣ ಕೇಳದ, ಕನ್ನಡದಲ್ಲೇ ಮಾತಾಡುವ ವ್ಯವಸ್ಥೆಯೊಂದಿದೆ ಎಂಬುದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಆ ಕಡೆಯಲ್ಲಿದ್ದವರು ಯಾರೋ ತಿಳಿಯದು. ನಾನು ತಡವರಿಸಿದಾಗಲೆಲ್ಲ ಅವಸರಿಸದೆ ಕಾದರು, ವೈದ್ಯರನ್ನು ಕಾಣಬೇಕೆಂದು ನೇರವಾಗಿ ಹೇಳಿದರು. ಅವರಿಗೂ, ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಮಧ್ಯದಲ್ಲಿ ಬಿಡಬೇಡಿ ಎಂದು ಪ್ರತಿ ಭೇಟಿಯಲ್ಲೂ ಬೇಸರಿಸದೆ ಹೇಳಿದ ವೈದ್ಯರಿಗೂ ನನ್ನ ನಮಸ್ಕಾರಗಳು.

ನಮ್ಮ ಕೋಚ್ ಸರ್ ಧೈರ್ಯದ ಮಾತೊಂದನ್ನೂ ಆಡಲಿಲ್ಲ. ಅಭ್ಯಾಸ ಪಂದ್ಯಗಳಿಗೆ ಸ್ಕೋರರ್ ಸಿಗುತ್ತಿಲ್ಲ, ಬಂದು ಕೂತರೆ ಉಪಕಾರವಾಗುತ್ತದೆ ಎಂದಷ್ಟೇ ಹೇಳಿಕಳಿಸಿದರು. ಸ್ಕೋರ್ ಹಾಳೆಯಲ್ಲಿ ಬರೆಯಲು ಮೊದಲ ಮತ್ತು ಮೂರನೆಯ ಕ್ವಾರ್ಟರ್‌ಗೆ ಕೆಂಪು ಪೆನ್ನು, ಎರಡನೆಯದಕ್ಕೂ ನಾಲ್ಕನೆಯದಕ್ಕೂ ನೀಲಿ. ಎರಡು ಅಂಕಕ್ಕೆ ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕೆ, ಮೂರು ಅಂಕವಾದರೆ ಆಟಗಾರನ ಸಂಖ್ಯೆಯ ಸುತ್ತ ವೃತ್ತ. ಚೆಂಡಿನಿಂದ ಕಣ್ಣು ತೆಗೆದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಆ ನಲವತ್ತು ನಿಮಿಷ ಬೇರೆ ಯಾವ ಯೋಚನೆಗೂ ಎಡೆಯಿರುತ್ತಿರಲಿಲ್ಲ. ಕೆಲವು ವಾರಗಳಾದ ಮೇಲೆ ಬೂಟು ತರಬಾರದೇಕೆ ಎಂದು ಕೋಚ್ ಕೇಳಿದರು, ನಾನು ತೆಗೆದುಕೊಂಡು ಹೋದೆ. ಸ್ಕೋರರ್ ನಿಜವಾಗಿಯೂ ಸಿಗುತ್ತಿರಲಿಲ್ಲವೇ ಎಂಬುದನ್ನು ನಾನು ಇನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

ಮೊದಮೊದಲು ನನ್ನ ಕೆಟ್ಟ ಪಾಸುಗಳನ್ನು ಗೊಣಗದೆ ಹಿಡಿದ ಜೊತೆಯಾಟಗಾರರಿಗೆ, ಮಂಡಿಯನ್ನು ಇಂಚಿಂಚಾಗಿ ಮಡಿಸಿ ತೋರಿಸಿಕೊಟ್ಟ ಫಿಸಿಯೋಗೆ, ದೂರದೂರುಗಳಿಂದ ಸಂದೇಶ ಕಳಿಸಿದ ಹಳೆಯ ಹಾಸ್ಟೆಲ್ ಗೆಳೆಯರಿಗೆ ವಂದನೆಗಳು. ಕೊನೆಯದಾಗಿ, ನಾನಿಲ್ಲದಷ್ಟು ಕಾಲವೂ ನನ್ನ ಮೇಜಿನ ಕಡತಗಳನ್ನು ತಮ್ಮ ಮೇಜಿಗೆ ಹೊತ್ತೊಯ್ದು ಮುಗಿಸಿದ, ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನೂ ಇದುವರೆಗೆ ನೋಡಿರದ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಗಳಿಗೆ: ಈ ಸಲದ ಮಾರ್ಚ್ ಕೊನೆಯ ಲೆಕ್ಕವೆಲ್ಲ ನನ್ನ ಪಾಲಿಗಿರಲಿ. ನೀವು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ.